ಮನೆ ಕಾವಲಿನ ಕಾರ್ಬೈನ್‌ಗೆ ಯಾವ ಸೈಟ್? ರೆಡ್ ಡಾಟೋ, ಸ್ಕೋಪೋ, ಬಳಸಿದವರು ಹೇಳಿ

ಕೇಳಿದವರು: ಆಸ್ಟಿನ್ ಹೊರವಲಯ, ಟೆಕ್ಸಾಸ್

ನಾವಿರುವುದು ಊರಾಚೆ, ಐದು ಎಕರೆ ಜಾಗದಲ್ಲಿ. ಯಜಮಾನರು ತಿಂಗಳಲ್ಲಿ ಹತ್ತು ಹನ್ನೆರಡು ದಿನ ಕೆಲಸದ ಮೇಲೆ ಹೊರಗಿರುತ್ತಾರೆ. ಹೋದ ವರ್ಷ ಯಾರೋ ರಾತ್ರಿ ಗೇಟು ಮುರಿದು ಒಳಗೆ ಬಂದರು. ಸಹಾಯ ಬರಲು ಅರ್ಧ ಗಂಟೆ ಹಿಡಿಯಿತು. ಆಮೇಲೆ 16 ಇಂಚಿನ ಬ್ಯಾರೆಲ್ ಇರುವ ಎಆರ್-15 ಕಾರ್ಬೈನ್, ಅಂದರೆ ಗಿಡ್ಡ ರೈಫಲ್, ತೆಗೆದುಕೊಂಡು, ಎರಡು ದಿನದ ತರಬೇತಿಯನ್ನೂ ಮುಗಿಸಿದೆ. ಈಗ ಅದರ ಮೇಲೆ ಗುರಿಯಿಡಲು ಬರೀ ಐರನ್ ಸೈಟ್, ಅಂದರೆ ಲೋಹದ ತೂತು ಮತ್ತು ಕಡ್ಡಿ, ಇದೆ. ನನಗೆ 47 ವರ್ಷ, ಕನ್ನಡಕವಿದೆ, ಮುಂದಿನ ಸೈಟಿನ ಕಡ್ಡಿ ಮಸುಕಾಗಿ ಕಾಣುತ್ತದೆ. ಅಂಗಡಿಯವರು ಗುರಿಯನ್ನು ಒಂದರಿಂದ ಆರು ಪಟ್ಟು ದೊಡ್ಡದಾಗಿ ತೋರಿಸುವ 1-6 ಪಟ್ಟಿನ ಸ್ಕೋಪ್ ಹಾಕಿ ಅಂತಾರೆ, ತರಬೇತಿ ಕೊಟ್ಟವರು ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸುವ ರೆಡ್ ಡಾಟ್ ಅಂತಾರೆ. ನಮ್ಮಲ್ಲಿ ಮೇಕೆಗಳಿವೆ, ಅವಕ್ಕೆ ಕೊಯೋಟಿ (ತೋಳದ ಜಾತಿಯ ಪ್ರಾಣಿ) ಕಾಟವೂ ಇದೆ. 400 ಡಾಲರ್‌ವರೆಗೆ ಖರ್ಚು ಮಾಡಬಲ್ಲೆ. ನಿಜವಾಗಿ ಬಳಸಿದವರ ಅನುಭವ ಬೇಕು.

ಡಲ್ಲಾಸ್‌ನಿಂದ, ಮೂಲ ವಿರಾಜಪೇಟೆ

ಅಕ್ಕ, ಅಂಗಡಿಗೆ ಹೋಗುವ ಮೊದಲು ಒಂದು ಟೇಪು ಹಿಡಿದು ಮನೆ ಅಳೆಯಿರಿ. ಮಲಗುವ ಕೋಣೆಯ ಬಾಗಿಲಿನಿಂದ ಮುಂಬಾಗಿಲಿಗೆ ಎಷ್ಟು? ಪಡಸಾಲೆಯ ಈ ಮೂಲೆಯಿಂದ ಆ ಮೂಲೆಗೆ ಎಷ್ಟು? ನಮ್ಮ ಮನೆಯೊಳಗೆ ಎಲ್ಲಿ ನಿಂತರೂ 14 ಗಜಕ್ಕಿಂತ ದೂರದ ನೋಟ ಇಲ್ಲ. ಅಷ್ಟು ಹತ್ತಿರದಲ್ಲಿ ದೊಡ್ಡದಾಗಿ ತೋರಿಸುವ ಗಾಜಿನಿಂದ ಉಪಕಾರವಿಲ್ಲ, ಅಡ್ಡಿಯೇ ಹೆಚ್ಚು.

ಐರನ್ ಸೈಟಿನಲ್ಲಿ ಕಣ್ಣು ಹಿಂದಿನ ತೂತು, ಮುಂದಿನ ಕಡ್ಡಿ, ಗುರಿ ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ನಮ್ಮ ವಯಸ್ಸಿನಲ್ಲಿ ಮೂರರಲ್ಲಿ ಒಂದು ಮಸುಕಾಗಿಯೇ ತೀರುತ್ತದೆ. ರೆಡ್ ಡಾಟ್‌ನಲ್ಲಿ ಎರಡೂ ಕಣ್ಣು ತೆರೆದು ಗುರಿಯನ್ನಷ್ಟೇ ನೋಡಿದರೆ ಸಾಕು, ಚುಕ್ಕಿ ಅದರ ಮೇಲೆ ಬಂದು ಕೂರುತ್ತದೆ. ತಲೆ ಸ್ವಲ್ಪ ಓರೆಯಾದರೂ ಚುಕ್ಕಿ ಕಾಣುವವರೆಗೆ ಗುಂಡು ಹೆಚ್ಚುಕಡಿಮೆ ಚುಕ್ಕಿ ಇದ್ದಲ್ಲೇ ಹೋಗುತ್ತದೆ. ಕೊಡಗಿನ ಆಯುಧದ ಹಬ್ಬ ಕೈಲ್‌ಪೋಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು, ಐರನ್ ಸೈಟ್ ಬಿಟ್ಟು ಬೇರೆ ಬೇಡ ಅಂತಲೇ ಇದ್ದೆ. ಆದರೆ ಹಗಲು ಬೆಳಕಲ್ಲಿ, ಉಸಿರು ಹಿಡಿದು, ಸಾವಧಾನವಾಗಿ ಕಾಯಿ ಒಡೆಯುವುದೇ ಬೇರೆ, ನಿದ್ದೆಗಣ್ಣಲ್ಲಿ ಕತ್ತಲಿಗೆ ಎದ್ದು ನಿಲ್ಲುವುದೇ ಬೇರೆ.

ಆರಿಸುವಾಗ ನಾನು ಮೊದಲು ನೋಡುವುದು ಬ್ಯಾಟರಿಯನ್ನು. ಸ್ವೀಡನ್ನಿನ ಏಮ್‌ಪಾಯಿಂಟ್ 1975ರಿಂದ ಈ ಜಾತಿಯ ಸೈಟ್ ಮಾಡುತ್ತಿದೆ, ಅಮೆರಿಕದ ಸೇನೆ ಎಂ68 ಅಂತ ಬಳಸುವುದೂ ಅದನ್ನೇ. ಅವರ ಟಿ-2 ಒಂದು ಸಿಆರ್2032 ಬಿಲ್ಲೆ ಬ್ಯಾಟರಿಯಲ್ಲಿ 50,000 ಗಂಟೆ ನಡೆಯುತ್ತದೆ ಅಂತ ಕಂಪನಿಯ ಲೆಕ್ಕ, ಅಂದರೆ ಐದು ವರ್ಷಕ್ಕೂ ಮೇಲೆ. ಆರಿಸದೆ ಸದಾ ಉರಿಯಲು ಬಿಡಬಹುದು. ಅದು ನಿಮ್ಮ ಬಜೆಟ್‌ಗೆ ಮೀರಿದ್ದು. ಹೋಲೋಸನ್, ಸಿಗ್ ಕಂಪನಿಯ ರೋಮಿಯೊ5 ಇವು ಬಜೆಟ್‌ನೊಳಗೇ ಬರುತ್ತವೆ. ರೋಮಿಯೊ5 ಅಲುಗಾಡಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ, ಹೋಲೋಸನ್‌ನ ಹಲವು ಮಾದರಿಗಳೂ ಹಾಗೇ. ಈಓಟೆಕ್ ಕಂಪನಿಯ ಹೋಲೋಗ್ರಾಫಿಕ್ ಸೈಟಿನಲ್ಲಿ ಚುಕ್ಕಿಯ ಸುತ್ತ ಕಾಣುವ ವೃತ್ತ ನನಗೆ ತುಂಬಾ ಇಷ್ಟ. ಆದರೆ ಅದರ ಬ್ಯಾಟರಿ ಬಾಳುವುದು ಸುಮಾರು ಸಾವಿರ ಗಂಟೆ, ಕೆಲವು ಗಂಟೆಗೊಮ್ಮೆ ತಾನೇ ಆರುತ್ತದೆ. ರಾತ್ರಿ ಎರಡು ಗಂಟೆಗೆ ಗುಂಡಿ ಹುಡುಕಿ ಒತ್ತುವ ಕೆಲಸವನ್ನು ನಿಮ್ಮ ಮೇಲೆ ಹೊರಿಸಿಕೊಳ್ಳಬೇಡಿ.

ಕಂಪನಿ ಐದು ವರ್ಷ ಅಂದರೂ ನಾನು ವರ್ಷಕ್ಕೊಮ್ಮೆ, ಸೆಪ್ಟೆಂಬರ್ 3ರಂದು ಕೈಲ್‌ಪೋಳ್ದ್‌ಗೆ ಕೋವಿ ಒರೆಸಿ ಹೂವಿಡುವಾಗ, ಹೊಸ ಬಿಲ್ಲೆ ಹಾಕುತ್ತೇನೆ. ನೀವು ಆಯುಧಪೂಜೆಗೆ ಇಟ್ಟುಕೊಳ್ಳಿ. ಮರೆಯುವ ಮಾತೇ ಇರುವುದಿಲ್ಲ.

ಫೀನಿಕ್ಸ್‌ನಿಂದ, ಮೂಲ ಧಾರವಾಡ

ನೋಡ್ರಿ ಅಕ್ಕಾರ, ಸ್ಕೋಪ್ ಹಾಕಿ ನೋಡಿದಾಂವ ನಾನು. ನಮ್ಮದೂ ಬಯಲು ಜಾಗಾನ. 1-6 ಪಟ್ಟಿಂದು ಎರಡು ವರ್ಷ ಇಟ್ಟಿದ್ದೆ. ಹಗಲಿನ್ಯಾಗ ಭಾಳ ಛಲೋ, 150 ಗಜದ ಮ್ಯಾಲೆ ಇರೋ ಪ್ರಾಣಿ ಕಿವಿ ಸೈತ ಕಾಣಸ್ತಿತ್ತು. ಆದ್ರ ಸ್ಕೋಪು, ಅದನ್ನ ಕೋವಿಗೆ ಕೂಡಿಸೋ ಮೌಂಟು ಕೂಡಿ ಮುಕ್ಕಾಲು ಕೇಜಿ ಹತ್ರ ಆಗ್ತದ. ಸಣ್ಣ ರೆಡ್ ಡಾಟ್ ಅಂದ್ರ ನೂರೈವತ್ತು ಗ್ರಾಂ ಆಜೂಬಾಜು. ಒಂದು ಕೈಯಾಗ ಫೋನ್ ಹಿಡಕೊಂಡು, ಇನ್ನೊಂದು ಕೈಯಾಗ ಕೋವಿ ಹಿಡೀರಿ, ಫರಕ ಆವಾಗ ಗೊತ್ತಾಗ್ತದ.

ಇನ್ನೊಂದು, ಸ್ಕೋಪಿಗೆ ಕಣ್ಣು ಕರೆಕ್ಟ್ ಜಾಗಾದಾಗ ಇರಬೇಕು. ಹಿಂದ ಮುಂದ ಆತಂದ್ರ ಕರೀ ನೆರಳು ಬಂದು ಅರ್ಧಾ ಚಿತ್ರ ನುಂಗ್ತದ. ಒಂದು ರಾತ್ರಿ ಕತ್ತಲ ಪಡಸಾಲಿಯೊಳಗ ಖಾಲಿ ಕೋವಿ ಹಿಡಕೊಂಡು ಹತ್ತು ಸಲ ಎತ್ತಿ ನೋಡಿದೆ, ನಾಕು ಸಲ ಆ ನೆರಳ ಕಂಡ್ತು. ಮರುದಿವಸ ತಗದು ರೆಡ್ ಡಾಟ್ ಹಾಕಿದೆ.

ಕೊಯೋಟಿ ಸಲುವಾಗಿ ಸ್ಕೋಪ್ ಬೇಕು ಅನಸೂದು ಸಹಜ. ಅದಕ್ಕ ಒಂದು ಬೈನಾಕ್ಯುಲರ್ ತಗೋರಿ. ದೂರದಾಗ ಇರೋದು ಕೊಯೋಟಿನೋ, ಮಗ್ಗಲ ಮನಿ ನಾಯಿನೋ, ಅವರ ಮಗಾನೋ ಅಂತ ನೋಡಾಕ ಕೋವಿ ಎತ್ತಬಾರದ್ರಿ. ಸ್ಕೋಪಿನ್ಯಾಗ ಹಾಯಿಸಿ ನೋಡಿದ್ರ ಕೋವಿ ಬಾಯಿನೂ ಅವರ ಕಡೀನ ಇರ್ತದ.

ಓಹಾಯೊದಿಂದ, ಕಣ್ಣಿನ ಪರೀಕ್ಷೆ ನನ್ನ ವೃತ್ತಿ

ಇಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳುತ್ತೇನೆ. ನಿಮ್ಮ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅಂತ ಒಂದು ಅಂಕಿ ಇದೆಯೇ? ಇದ್ದರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲ. ಅಂಥವರಿಗೆ ರೆಡ್ ಡಾಟ್ ದುಂಡಗೆ ಕಾಣದೆ ನಕ್ಷತ್ರದ ಹಾಗೆ, ದ್ರಾಕ್ಷಿ ಗೊಂಚಲಿನ ಹಾಗೆ ಚದುರುವುದುಂಟು. ಸೈಟ್ ಕೆಟ್ಟಿದೆ ಅಂದುಕೊಂಡು ಎರಡು ಮೂರು ಸಲ ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ಪರೀಕ್ಷೆ ಸುಲಭ. ಯಾರದ್ದಾದರೂ ರೆಡ್ ಡಾಟ್‌ನ್ನು ಕೋವಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದು, ಬೆಳಕು ತಗ್ಗಿಸಿ ನೋಡಿ. ಸೈಟನ್ನು ನಿಧಾನವಾಗಿ ತಿರುಗಿಸಿ. ಚದುರಿದ ಆಕಾರ ತಿರುಗದೆ ಹಾಗೇ ಉಳಿದರೆ ದೋಷ ಕಣ್ಣಿನದು. ಅದರ ಮೂಲಕ ಫೋನ್ ಕ್ಯಾಮೆರಾದಲ್ಲೂ ನೋಡಿ, ಅಲ್ಲಿ ದುಂಡಗೆ ಬಂದರೆ ಸೈಟ್ ಸರಿಯಾಗಿದೆ. ಸರಿಯಾದ ಪವರ್‌ನ ಕನ್ನಡಕ ಹಾಕಿಕೊಂಡಾಗ ಹಲವರಿಗೆ ಇದು ಬಹುಪಾಲು ತಿಳಿಯಾಗುತ್ತದೆ. ಆದರೆ ಕೋವಿಗೆ ಕೆನ್ನೆ ಒತ್ತಿದಾಗ ನಾವು ಗಾಜಿನ ನಡುವಿನಿಂದ ನೋಡುವುದಿಲ್ಲ, ಮೂಗಿನ ಪಕ್ಕದ ಮೇಲ್ಮೂಲೆಯಿಂದ ನೋಡುತ್ತೇವೆ. ಅಲ್ಲಿ ಪವರ್ ಸ್ವಲ್ಪ ಏರುಪೇರಾಗುತ್ತದೆ. ರಾತ್ರಿ ಎದ್ದಾಗ ಕನ್ನಡಕ ಕೈಗೆ ಸಿಗುತ್ತದೆಯೇ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೇಳಿದವರು

ಸರ್, ಸಿಲಿಂಡರ್ ಇದೆ, ಬಲಗಣ್ಣಿಗೆ 1.75. ನಿನ್ನೆ ಗೆಳತಿಯ ಸೈಟ್ ತಂದು ನೀವು ಹೇಳಿದ ಹಾಗೇ ನೋಡಿದೆ. ಕನ್ನಡಕ ಇಲ್ಲದೆ ಚುಕ್ಕಿ ಅಲ್ಪವಿರಾಮದ ಹಾಗೆ ಬಾಲ ಬಿಟ್ಟುಕೊಂಡು ಕಾಣುತ್ತದೆ, ಪಕ್ಕದಲ್ಲಿ ಎರಡು ಮರಿ ಚುಕ್ಕಿ ಬೇರೆ. ತಿರುಗಿಸಿದರೂ ಬಾಲ ಅದೇ ದಿಕ್ಕಿಗೆ. ಫೋನಿನಲ್ಲಿ ದುಂಡಗಿದೆ. ಈಗ ರೆಡ್ ಡಾಟ್ ಆಸೆ ಬಿಡಬೇಕೇ?

ಡಲ್ಲಾಸ್‌ನಿಂದ

ಹಾಗಾದರೆ ನಾನು ಮೇಲೆ ಹೇಳಿದ್ದನ್ನು ತಿದ್ದಿಕೊಳ್ಳುತ್ತೇನೆ, ಅಕ್ಕ. ನಿಮಗೆ 1 ಪಟ್ಟಿನ ಪ್ರಿಸಂ ಸೈಟ್ ಸರಿ. ಅದರಲ್ಲಿ ಗುರಿಯ ಗುರುತನ್ನು ಗಾಜಿನ ಮೇಲೇ ಕೆತ್ತಿರುತ್ತಾರೆ, ಬೆಳಕನ್ನು ಪ್ರತಿಫಲಿಸಿ ಹುಟ್ಟಿಸಿದ ಚುಕ್ಕಿಯಲ್ಲ. ಕಣ್ಣಿಡುವ ಕಡೆ ಒಂದು ಬಳೆ ಇರುತ್ತದೆ. ಬಿಳಿ ಗೋಡೆ ನೋಡುತ್ತಾ, ಗುರುತು ಚೂಪಾಗುವವರೆಗೆ ಅದನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು. ಬ್ಯಾಟರಿ ಸತ್ತರೂ ಗುರುತು ಕಪ್ಪಾಗಿ ಉಳಿಯುತ್ತದೆ. ಕತ್ತಲಲ್ಲಿ ಕೋವಿಗೆ ಕಟ್ಟಿದ ಟಾರ್ಚ್ ಹೊತ್ತಿಸಿದರೆ ಆ ಕಪ್ಪು ಗುರುತು ಬೆಳಕಿನ ಮೇಲೆ ಎದ್ದು ಕಾಣುತ್ತದೆ. ಹ್ಯೂಸ್ಟನ್ನಿನ ಪ್ರೈಮರಿ ಆರ್ಮ್ಸ್ ಕಂಪನಿಯ ಚಿಕ್ಕ ಪ್ರಿಸಂ ನಿಮ್ಮ ಬಜೆಟ್‌ನೊಳಗೆ ಬರುತ್ತದೆ. ಒಂದೇ ಕೊರತೆ, ಕಣ್ಣು ಸೈಟಿನಿಂದ ಮೂರು ನಾಲ್ಕು ಇಂಚಿನಲ್ಲಿ ಇರಬೇಕು. ರೆಡ್ ಡಾಟ್‌ನಷ್ಟು ಸಡಿಲ ಇಲ್ಲ, ಸ್ಕೋಪಿಗಿಂತ ಪರವಾಗಿಲ್ಲ.

ಯಾರಾದರೂ ಹಳೆಯ ಟ್ರೈಜಿಕಾನ್ ಕಂಪನಿಯ ಏಕಾಗ್ ಸ್ಕೋಪ್ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಸುಮ್ಮನೆ ಬೇಡ ಅನ್ನಿ. ಒಳ್ಳೆಯ ವಸ್ತು, ಆದರೆ ಅದರಲ್ಲಿ ಹೆಚ್ಚಿನವು 4 ಪಟ್ಟಿನವು, ಮನೆಯೊಳಗೆ ಬಾರದು. ಅದರೊಳಗೆ ಗುರುತನ್ನು ಬೆಳಗಿಸುವ ವಿಕಿರಣ ಅನಿಲ ಟ್ರಿಟಿಯಂ ಕೂಡ 12 ವರ್ಷ ಚಿಲ್ಲರೆಗೆ ಅರ್ಧಕ್ಕೆ ಇಳಿದಿರುತ್ತದೆ.

ಡೆನ್ವರ್‌ನಿಂದ, ಮೂಲ ಭದ್ರಾವತಿ

ಯಾವುದೇ ತಗೊಳ್ಳಿ ಮೇಡಂ, ಕೂರಿಸುವುದನ್ನು ಮಾತ್ರ ಯಾರ ಕೈಗೂ ಬಿಡಬೇಡಿ. ನನ್ನದನ್ನು ಒಂದು ಅಂಗಡಿಯಲ್ಲಿ ಕೂರಿಸಿಕೊಟ್ಟರು. ನೂರು ಗುಂಡು ಆಗುವಷ್ಟರಲ್ಲಿ ಗುರಿ ಎಲ್ಲೆಲ್ಲೋ ಹೋಗತೊಡಗಿತು. ನನ್ನ ಕೈಯೇ ನಡುಗುತ್ತಿದೆ ಅಂದುಕೊಂಡು ಎರಡು ವಾರ ನರಳಿದೆ. ಕೊನೆಗೆ ಸೈಟ್ ಹಿಡಿದು ಅಲ್ಲಾಡಿಸಿದರೆ ಅಲ್ಲಾಡುತ್ತಿದೆ! ಈಗ ನಾನೇ ಮಾಡುತ್ತೇನೆ. ಸ್ಕ್ರೂ ಮತ್ತು ತೂತಿನ ಎಣ್ಣೆ ಪೂರ್ತಿ ಒರೆಸಿ, ಕಂಪನಿ ಹೇಳಿದ ಕಡೆಗಷ್ಟೇ ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ, ಆಮೇಲೆ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ ಪುಸ್ತಿಕೆಯ ಇಂಚ್-ಪೌಂಡ್ ಅಂಕಿಯಷ್ಟೇ ಬಿಗಿ. ಕೊನೆಗೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಸ್ಕ್ರೂ ತಲೆಯ ಮೇಲಿಂದ ಮೌಂಟಿನ ಮೇಲಕ್ಕೆ ಒಂದು ಗೆರೆ. ಗೆರೆ ತುಂಡಾದರೆ ಸ್ಕ್ರೂ ಸಡಿಲಾಗಿದೆ ಅಂತ ನೋಡಿದ ತಕ್ಷಣ ತಿಳಿಯುತ್ತದೆ.

400 ಡಾಲರ್‌ನಲ್ಲಿ ಟಾರ್ಚಿಗೂ ಪಾಲು ಇಡಿ. ಎದುರಿಗಿರುವುದು ಯಾರು ಅಂತ ಕಾಣದೆ ಯಾವ ಸೈಟೂ ಉಪಯೋಗಕ್ಕಿಲ್ಲ.

ಗುರಿ ಹೊಂದಿಸುವುದನ್ನು 50 ಗಜದಲ್ಲಿ ಮಾಡಿ. ನಿಮ್ಮ 16 ಇಂಚಿನ ಬ್ಯಾರೆಲ್‌ಗೆ 55 ಗ್ರೇನ್ ತೂಕದ ಗುಂಡಾದರೆ 200 ಗಜದ ಆಸುಪಾಸಿನಲ್ಲಿ ಅದು ಮತ್ತೆ ಗುರಿಯ ಗೆರೆಗೇ ಬರುತ್ತದೆ, ನಡುವೆ ಏರುವುದು ಒಂದೆರಡು ಇಂಚು. ಆದರೆ ಮನೆಯೊಳಗಿನ ಲೆಕ್ಕ ಬೇರೆ. ಸೈಟ್ ಬ್ಯಾರೆಲ್‌ಗಿಂತ ಎರಡೂವರೆ ಇಂಚು ಮೇಲಿರುವುದರಿಂದ 7 ಗಜದಲ್ಲಿ ಗುಂಡು ನೀವು ನೋಡಿದ್ದಕ್ಕಿಂತ ಎರಡು ಇಂಚಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಇದನ್ನು ರೇಂಜಿನಲ್ಲಿ ಕಣ್ಣಾರೆ ನೋಡಿಕೊಂಡೇ ಬನ್ನಿ. ಸೋಫಾ ಅಂಚಿನ ಮೇಲಿಂದ ಸೈಟಿನಲ್ಲಿ ದಾರಿ ತೆರವಾಗಿ ಕಂಡರೂ ಬ್ಯಾರೆಲ್ ಸೋಫಾವನ್ನೇ ನೋಡುತ್ತಿರಬಹುದು. ಗುರಿಯ ಹಿಂದಿನ ಗೋಡೆಯ ಆಚೆ ಯಾರು ಮಲಗುತ್ತಾರೆ ಎನ್ನುವುದೂ ತಲೆಯಲ್ಲಿರಲಿ. ಇಲ್ಲಿನ ಮನೆಗಳ ತೆಳು ಜಿಪ್ಸಂ ಗೋಡೆ (ಡ್ರೈವಾಲ್) ಗುಂಡನ್ನು ತಡೆಯುವುದಿಲ್ಲ.

ನ್ಯೂಜೆರ್ಸಿಯಿಂದ

ಸೈಟಿನ ವಿಷಯ ಅಲ್ಲ, ಆದರೂ ನಮ್ಮವರು ಎಡವುವುದು ಇಲ್ಲೇ. ಗ್ರೀನ್ ಕಾರ್ಡ್ ಇದ್ದವರು ಕೋವಿ ಇಟ್ಟುಕೊಳ್ಳಬಹುದು. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ, ವಿಸಿಟರ್ ವೀಸಾದವರಿಗೆ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ಅವಕಾಶ ಕೊಡುವುದಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಸೇಫಿನ ಕೋಡ್ ಅವರಿಗೆ ಕೊಡಬೇಡಿ. ಹಾಗೆಯೇ, ಊರಿನ ತಮ್ಮನಿಗೆ ಅಂತ ಸ್ಕೋಪನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ಕೋವಿಯ ಸೈಟ್‌ಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ.

ಕೇಳಿದವರು

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ಪ್ರಿಸಂ ತೆಗೆದುಕೊಂಡೆ. ಬಳೆ ತಿರುಗಿಸಿದ ಮೇಲೆ ಕನ್ನಡಕ ಇಲ್ಲದೆಯೂ ಗುರುತು ಮುದ್ರಿಸಿದ ಅಕ್ಷರದಷ್ಟು ಚೂಪು. ನಾನೇ ಕೂರಿಸಿ, ಕೆಂಪು ನೇಲ್ ಪಾಲಿಶ್ ಗೆರೆ ಎಳೆದೆ. ಶನಿವಾರ 50 ಗಜದಲ್ಲಿ ಹೊಂದಿಸಿ, ಆಮೇಲೆ 7 ಗಜಕ್ಕೆ ಬಂದು ಒಂದು ಇಸ್ಪೀಟ್ ಎಲೆಯ ಮೇಲಂಚಿಗೆ ಗುರಿಯಿಟ್ಟೆ. ಐದು ಗುಂಡೂ ಎಲೆಯ ನಡುವಿನಿಂದ ಕೆಳಗೇ ಬಿದ್ದವು. ಆ ಎಲೆಯನ್ನು ಸೇಫಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಮನೆ ಅಳೆದದ್ದು 11 ಗಜ. ಅಕ್ಟೋಬರ್‌ನಲ್ಲಿ ಅತ್ತೆ ಮಾವ ಬರುತ್ತಾರೆ, ಕೋಡ್ ಆಗಲೇ ಬದಲಾಯಿಸಿದೆ. ಬೈನಾಕ್ಯುಲರ್ ಹಿಂಬಾಗಿಲ ಮೊಳೆಗೆ ನೇತು ಹಾಕಿದೆ. ಟಾರ್ಚ್ ಬುಧವಾರ ಬರುತ್ತದೆ, ಮುಂದಿನ ಭಾನುವಾರ 100 ಗಜದಲ್ಲಿ ಹೊಡೆದು ಎಷ್ಟು ಮೇಲೆ ಬಿತ್ತು ಅಂತ ಬರೆಯುತ್ತೇನೆ.