ಅಪ್‌ಡೇಟ್: ಗಾಡಿಯ ಹಿಂಭಾಗದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಬದಲಾಯಿತು

ಹಳೇ ಎಸ್‌ಯುವಿಯಲ್ಲಿ ಐದು ಜನ, ಲಗೇಜ್ ತುಂಬಿದರೆ ಹಿಂಭಾಗ ಕೂತುಬಿಡುತ್ತೆ, ಹಂಪ್‌ನಲ್ಲಿ ಧಡ್ ಅಂತ ಬಡಿಯುತ್ತೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ಮೊದಲು ಶಾಕ್ ಮಾತ್ರ ಹಾಕಿಸಿದೆ. ಕುಲುಕಾಟ ಕಡಿಮೆಯಾಯಿತು, ಗಾಡಿ ಮಾತ್ರ ಒಂದಿಷ್ಟೂ ಮೇಲೇಳಲಿಲ್ಲ. ಭಾರ ಹೊರುವುದು ಸ್ಪ್ರಿಂಗ್, ಅದರ ಪುಟಿತ ತಡೆಯುವುದಷ್ಟೇ ಶಾಕ್‌ನ ಕೆಲಸ, ಅಲ್ವಾ. ಆಮೇಲೆ ಸ್ಪ್ರಿಂಗ್‌ಗೆ ಸಿಕ್ಕಿಸಿದ ರಬ್ಬರ್ ಸ್ಪೇಸರ್ ತುಂಡಿನಿಂದ ಎತ್ತರ ಬಂತು, ಬಡಿತ ನಿಲ್ಲಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು "ಸ್ವಲ್ಪ ಗಟ್ಟಿ ಕಾಯಿಲ್ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಎರಡೂ ಕಡೆ ಜೋಡಿಯಾಗಿ ಹಾಕಿಸಿ" ಅನ್ನೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಹಳೇದನ್ನು ಬಿಚ್ಚಿದಾಗ ಬಂಪ್ ಸ್ಟಾಪ್ (ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ದಿಂಬು) ರಬ್ಬರ್ ಸೀಳಿ, ಮುಟ್ಟಿದರೆ ಕೈಗೆ ಪುಡಿ ಪುಡಿಯಾಗಿ ಬಂತು. ಅದನ್ನೂ ಬದಲಾಯಿಸಿದೆ. ಲೋಡ್ ಹಾಕಿದರೂ ಈಗ ಸದ್ದಿಲ್ಲ.

ನನಗೆ ಗೊತ್ತೇ ಇರದ ಸಂಗತಿ ಬ್ರೇಕಿನದು. ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ಇದೆ. ಲೋಡ್ ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವುದು ಅದೇ. ಹಿಂಭಾಗದ ಎತ್ತರ ಹೆಚ್ಚಾದರೆ ಗಾಡಿ ಖಾಲಿ ಇದೆ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ! ನಿಮ್ಮದರಲ್ಲೂ ಇದ್ದರೆ ಮರೆಯದೆ ಸೆಟ್ ಮಾಡಿಸಿ. ಹೆಡ್‌ಲೈಟ್ ಬೆಳಕೂ ಹಿಂಭಾಗ ಎತ್ತರವಾದ್ದರಿಂದ ಕೆಳಗೆ ಬಾಗಿತ್ತು, ಸರಿಮಾಡಿಸಿದೆ. ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಬಳೆ, ಅಂದರೆ ಬುಷ್‌ನ ಬೋಲ್ಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಪೂರ್ತಿ ಬಿಗಿಸಬೇಕು, ಜಾಕ್ ಮೇಲಿದ್ದಾಗ ಬಿಗಿಸಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ.

ಒಬ್ಬನೇ ಓಡಿಸುವಾಗ ಹಿಂಭಾಗ ಮೊದಲಿಗಿಂತ ಸ್ವಲ್ಪ ಗಡುಸು.