ಆರೂವರೆ ಸೆಂಟ್ಸ್, ಹಳೇ ಮನೆ, 72 ಲಕ್ಷ: ಜಾಸ್ತಿ ಆಯ್ತಾ?

ಓದುಗರೊಬ್ಬರ ಸಮಸ್ಯೆ: ಮಂಗಳೂರಿನ ಶಕ್ತಿನಗರದ ಹತ್ತಿರ ಆರೂವರೆ ಸೆಂಟ್ಸ್ ಜಾಗ, ಅದರಲ್ಲಿ 30 ವರ್ಷ ಹಳೆಯ ಹಂಚಿನ ಮನೆ. 72 ಲಕ್ಷ ಹೇಳುತ್ತಿದ್ದಾರೆ. ಮಾರುವವರು ದುಬೈಯಲ್ಲಿದ್ದಾರೆ. ಇನ್ನೊಂದು ಪಾರ್ಟಿ ನಾಳಿದ್ದೇ ಅಡ್ವಾನ್ಸ್ ಕೊಡುತ್ತದಂತೆ, ಬ್ರೋಕರ್ ಅವಸರ ಮಾಡುತ್ತಿದ್ದಾರೆ. ನಾವೀಗ ಬಿಜೈಯಲ್ಲಿ 15,000 ರೂಪಾಯಿ ಬಾಡಿಗೆಗೆ ಇದ್ದೇವೆ. ಮನೆ ಇಷ್ಟವಾಗಿದೆ. ಆದರೆ ಜಾಸ್ತಿ ಕೊಡುತ್ತಿದ್ದೇವಾ ಎಂಬ ಸಂಶಯ ಹೋಗುತ್ತಿಲ್ಲ.

ಓದುಗರ ಸ್ಪಂದನ:

ತಂಗೀ, ಜಾಗದ ಬೆಲೆ ಬೇರೆ, ಮನೆಯ ಬೆಲೆ ಬೇರೆ. ಎರಡನ್ನೂ ಸೇರಿಸಿ 72 ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೊದಲು ಬಿಡಿಸಿ ನೋಡಿ. ಹಳೇ ಮನೆಗೆ 12 ಲಕ್ಷ ಎಂದು ಹಿಡಿದರೆ ಜಾಗಕ್ಕೆ 60 ಬಂತು. ಅಂದರೆ ಸೆಂಟ್ಸಿಗೆ ಒಂಬತ್ತು ಲಕ್ಷಕ್ಕಿಂತ ಜಾಸ್ತಿ. ಈಗ ಅದೇ ಓಣಿಯಲ್ಲಿ, ಅಷ್ಟೇ ಅಗಲದ ರಸ್ತೆಗೆ ತಾಗಿದ ಜಾಗ ಸೆಂಟ್ಸಿಗೆ ಎಷ್ಟಕ್ಕೆ ಹೋಗಿದೆ ಎಂದು ಕೇಳಿ. ಮಾರಲಿಕ್ಕೆ ಇಟ್ಟದ್ದರ ರೇಟು ಬೇಡ, ಮಾರಿ ಮುಗಿದದ್ದರ ರೇಟು ಬೇಕು. ಅಕ್ಕಪಕ್ಕದವರು ಹೇಳುತ್ತಾರೆ, ನಮ್ಮೂರಲ್ಲಿ ಅದೇನು ದೊಡ್ಡ ಗುಟ್ಟಲ್ಲ! ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಮಾರ್ಗಸೂಚಿ ದರವೂ ಸಿಗುತ್ತದೆ. ಆದರೆ ಅದು ಸರ್ಕಾರ ಶುಲ್ಕ ಹಾಕಲು ಇಟ್ಟುಕೊಂಡ ದರ, ಪೇಟೆಯ ರೇಟಲ್ಲ.

ಇನ್ನು ಬ್ಯಾಂಕ್. ಸಾಲಕ್ಕೆ ಅರ್ಜಿ ಹಾಕಿದರೆ ಅವರ ವ್ಯಾಲ್ಯುಯರ್ ಬಂದು ಬೆಲೆ ಕಟ್ಟುತ್ತಾರೆ. 30ರಿಂದ 75 ಲಕ್ಷದೊಳಗಿನ ಸಾಲವಾದರೆ ಬ್ಯಾಂಕ್ ಒಪ್ಪಿದ ಬೆಲೆಯ 80% ಮಾತ್ರ ಕೊಡಬಹುದು. ಅವರು 62 ಲಕ್ಷ ಅಂದರೆ ನಿಮಗೆ ಸಿಗುವುದು 49.6 ಲಕ್ಷ. ಉಳಿದ ಇಪ್ಪತ್ತೆರಡು ಲಕ್ಷ ಚಿಲ್ಲರೆ ನಿಮ್ಮ ಕೈಯಿಂದ. ಅದರ ಮೇಲೆ ರಿಜಿಸ್ಟ್ರೇಶನ್ ಖರ್ಚು. ಮುದ್ರಾಂಕ ಶುಲ್ಕ 5%, ನಗರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. 72 ಲಕ್ಷಕ್ಕೆ ಸುಮಾರು ಐದೂವರೆ ಲಕ್ಷ ಅಲ್ಲಿಗೇ ಹೋಯಿತು. ಇದಕ್ಕೆ ಸಾಲ ಸಿಗುತ್ತದೆ ಎಂದು ನಂಬಿ ಕೂರಬೇಡಿ. ವ್ಯಾಲ್ಯುಯರ್ ಹೇಳಿದ ಬೆಲೆಗೂ ಬ್ರೋಕರ್ ಹೇಳಿದ ಬೆಲೆಗೂ ಹತ್ತು ಲಕ್ಷ ಅಂತರ ಇದ್ದರೆ ನಿಮ್ಮ ಸಂಶಯ ಸುಮ್ನೆ ಬಂದದ್ದಲ್ಲ.
– ನಿವೃತ್ತ ಬ್ಯಾಂಕ್ ಉದ್ಯೋಗಿ, ಕದ್ರಿ

ಮೇಲಿನವರು ಮನೆಗೆ 12 ಲಕ್ಷ ಹಿಡಿದರೆ ನಾನು ಒಪ್ಪುವುದಿಲ್ಲ. ಮೊದಲು ಒಬ್ಬ ಒಳ್ಳೇ ಮೇಸ್ತ್ರಿಯನ್ನು ಮಾಡಿನ (ಛಾವಣಿಯ) ಕೆಳಗೆ ಹತ್ತಿಸಿ. ಹಂಚನ್ನು ಹೊರುವ ಮರದ ಪಕ್ಕಾಸು, ರೀಪಿಗೆ ಒರಲೆ (ಗೆದ್ದಲು) ಹಿಡಿದಿದ್ದರೆ ಇಡೀ ಮಾಡು ಬಿಚ್ಚಬೇಕು. ಹಾಗಿದ್ದರೆ ಆ ಮನೆಗೆ ಬೆಲೆಯೇ ಇಲ್ಲ, ಕೆಡವುವ ಖರ್ಚು ನಿಮ್ಮದೇ. ಕೆಂಪುಕಲ್ಲಿನ ಗೋಡೆ ಗಟ್ಟಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಕಡೆ ಗುಡ್ಡ ಜಾಸ್ತಿ, ಹಿಂದೆ ಬರೆ (ಗುಡ್ಡದ ಕಡಿದಾದ ಬದಿ) ಇದ್ದರೆ ತಡೆಗೋಡೆ ಯಾರು ಕಟ್ಟಿಸಬೇಕು ಎಂದು ಈಗಲೇ ಕೇಳಿ. ಬಾವಿಯಲ್ಲಿ ಮೇ ತಿಂಗಳಲ್ಲಿ ನೀರಿರುತ್ತದಾ ಎಂದು ಪಕ್ಕದ ಮನೆಯ ಅಮ್ಮನ ಹತ್ತಿರ ಕೇಳಿ, ಬ್ರೋಕರ್ ಹತ್ತಿರ ಬೇಡ. ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದ ವರ್ಷ ಬಾವಿ ಇದ್ದವರೇ ಆರಾಮ ಇದ್ದದ್ದು. ಮಳೆ ಹೊಯ್ಯುವಾಗಲೂ ಒಮ್ಮೆ ಹೋಗಿ ನೋಡಿ ಮಾರಾಯ್ರೆ, ಡಿಸೆಂಬರಿನಲ್ಲಿ ಎಲ್ಲ ಮನೆಯೂ ಚಂದವೇ.
– ಕಟ್ಟಡ ಗುತ್ತಿಗೆದಾರ, ಸುರತ್ಕಲ್

ಬೆಲೆಗಿಂತ ಮೊದಲು ಕಾಗದ. ಪತ್ರದಲ್ಲಿ ಜಾಗ ವರ್ಗದ್ದೋ (ಪೂರ್ತಿ ಒಡೆತನದ್ದು) ಮೂಲಗೇಣಿಯದ್ದೋ (ಒಡೆಯರು ಬೇರೆ, ಶಾಶ್ವತ ಗೇಣಿಯ ಹಕ್ಕು ಮಾತ್ರ) ನೋಡಿ. ಮೂಲಗೇಣಿ ಹಕ್ಕಿಗೆ ವರ್ಗ ಜಾಗದ ರೇಟು ಕೊಡುವುದೆಂತಕ್ಕೆ?

ಎರಡನೆಯದು, ಮಾರುವವರು ದುಬೈಯಲ್ಲಿರುವುದು. ಇಲ್ಲಿಯೇ ಇರುವವರಾದರೆ 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಗೆ ಕೊಡುವ ಹಣದಲ್ಲೇ ಅವರ ತೆರಿಗೆಗೆಂದು ನೀವು 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿದರೆ ಮುಗಿಯಿತು. ಅನಿವಾಸಿಯಾದರೆ ಹಿಡಿಯಬೇಕಾದದ್ದು ಅದಕ್ಕಿಂತ ತುಂಬಾ ಜಾಸ್ತಿ. ಹಿಡಿಯದಿದ್ದರೆ ಇಲಾಖೆ ಬರುವುದು ನಿಮ್ಮ ಹತ್ತಿರ. "ನನ್ನ ಕೈಗೆ ಪೂರ್ತಿ 72 ಬರಬೇಕು" ಎಂದು ಅವರು ಹಟ ಹಿಡಿದರೆ ಬೆಲೆ 72 ಅಲ್ಲ, ಅವರ ತೆರಿಗೆಯೂ ನಿಮ್ಮ ತಲೆಗೆ ಬಂತು ಎಂದು ತಿಳಿಯಿರಿ. ಅಡ್ವಾನ್ಸ್ ಕೊಡುವ ಮೊದಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಮಾತಾಡಿ. "ಪತ್ರದಲ್ಲಿ 50 ಬರೆಸುವ, ಉಳಿದದ್ದು ಕ್ಯಾಶ್" ಎಂಬ ಮಾತು ಬಂದರೆ ಎದ್ದು ಬನ್ನಿ. ಅದು ಕಾನೂನಿಗೆ ವಿರುದ್ಧ. ಅದಲ್ಲದೆ ಮುಂದೆ ನೀವು ಮಾರುವಾಗ ನಿಮ್ಮ ಖರೀದಿ ಬೆಲೆ 50 ಎಂದೇ ಲೆಕ್ಕ, ಕ್ಯಾಶ್ ಕೊಟ್ಟದ್ದಕ್ಕೂ ನೀವೇ ತೆರಿಗೆ ಕಟ್ಟಬೇಕು.
– ವಕೀಲೆ, ಉಡುಪಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನೀವೀಗ ವರ್ಷಕ್ಕೆ ಕೊಡುವ ಬಾಡಿಗೆ 1.8 ಲಕ್ಷ. ಅದು 72 ಲಕ್ಷದ 2.5%. ಐವತ್ತು ಲಕ್ಷ ಸಾಲಕ್ಕೆ 20 ವರ್ಷ, 8% ಬಡ್ಡಿ ಅಂದರೆ ತಿಂಗಳ ಕಂತು 42,000 ಹತ್ತಿರ ಬರುತ್ತದೆ. ಬರೀ ಲೆಕ್ಕ ನೋಡಿದರೆ ಬಾಡಿಗೆಯೇ ಲೇಸು. ಹಾಗಂತ ಮನೆ ಬೇಡ ಅನ್ನುವುದಿಲ್ಲ. ಅತ್ತೆ ಮಾವ ಜೊತೆಗಿದ್ದು, ಮಕ್ಕಳ ಶಾಲೆ ಹತ್ತಿರವಿದ್ದು, ಅಂಗಳದಲ್ಲಿ ನಾಲ್ಕು ಮಲ್ಲಿಗೆ ಗಿಡ ಬೇಕು ಅನ್ನಿಸಿದರೆ ಎರಡು ಮೂರು ಲಕ್ಷ ಜಾಸ್ತಿ ಹೋದರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಲಕ್ಷ ಆದರೆ ಕೆಡಿಸಿಕೊಳ್ಳುತ್ತೇನೆ.
– ಗೃಹಿಣಿ, ಕುಳಾಯಿ

ಆ "ಇನ್ನೊಂದು ಪಾರ್ಟಿ" ನಾವು ಮನೆ ನೋಡುವಾಗಲೂ ಇತ್ತು, ನಮ್ಮ ಭಾವ ನೋಡುವಾಗಲೂ ಇತ್ತು. ಅವರು ಇನ್ನೂ ಮನೆ ತೆಗೆದುಕೊಂಡ ಹಾಗೆ ಕಾಣುವುದಿಲ್ಲ. ಮೇಸ್ತ್ರಿ ನೋಡಿ ಆಗಲಿ, ಕಾಗದ ನೋಡಿ ಆಗಲಿ, ಆಮೇಲೆ 62ರಿಂದ ಮಾತು ಶುರು ಮಾಡಿ. ಬ್ರೋಕರ್ ಕಮಿಷನ್ ಎಷ್ಟು ಎಂದೂ ಅವತ್ತೇ ಕೇಳಿಕೊಳ್ಳಿ.
– ಓದುಗ, ಮಣಿಪಾಲ