ಎಂಟಡಿ ಬೆಡ್ಡಿನ ಹಳೆ ಶೆವಿ ಪಿಕಪ್ ಅನ್ನು ಮನೆಯಲ್ಲೇ ಗಿಡ್ಡ ಮಾಡಿದವರು ಇದ್ದೀರಾ?

ಡಲ್ಲಾಸ್‌ನಿಂದ ಪ್ರಶ್ನೆ

ನನ್ನ ಹತ್ತಿರ 1971ರ ಶೆವರ್ಲೆ ಸಿ10 ಇದೆ. ಒಬ್ಬ ರೈತರ ಕೊಟ್ಟಿಗೆಯಲ್ಲಿ ನಿಂತಿತ್ತು. ಓಡುತ್ತದೆ, ತುಕ್ಕು ಕಡಿಮೆ. ಆದರೆ ಹಿಂದೆ ಸಾಮಾನು ಹಾಕುವ ತೊಟ್ಟಿ, ಅಂದರೆ ಬೆಡ್, ಎಂಟು ಅಡಿಯದು, ಲಾಂಗ್ ಬೆಡ್. ಗ್ಯಾರೇಜಿನಲ್ಲಿ ಮುಂದೆ ಫ್ರಿಜ್, ಹಿಂದೆ ಬಾಗಿಲು. ಗಾಡಿ ನಿಲ್ಲಿಸಿದರೆ ಒಬ್ಬರು ಅಡ್ಡ ಸರಿಯೋಕೂ ಜಾಗವಿಲ್ಲ. ಶಾರ್ಟ್ ಬೆಡ್ ನೋಡೋಕೆ ಚೆಂದ, ಆದರೆ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇದನ್ನೇ ಕತ್ತರಿಸಿ ಆರೂವರೆ ಅಡಿಗೆ ಇಳಿಸೋಣ ಅಂತ ಯೋಚನೆ. ಗ್ರೈಂಡರ್ ಇದೆ, 120 ವೋಲ್ಟಿನ ಸಣ್ಣ ಮಿಗ್ ವೆಲ್ಡಿಂಗ್ ಮಿಷನ್ ಇದೆ. ಗೇಟು, ಬೆಂಚು ಬೆಸೆದು ಅಭ್ಯಾಸವಿದೆ. ಎರಡು ವೀಕೆಂಡಿನಲ್ಲಿ ಆಗುತ್ತಾ? ಮಾಡಿದವರು ಎಲ್ಲಿ ಎಡವಿದಿರಿ ಅಂತ ಹೇಳಿ.

ಮಿಶಿಗನ್‌ನಿಂದ

ಎರಡು ವೀಕೆಂಡ್ ಅಂದಿರಿ. ನಾನೂ ಮನೆಯಲ್ಲಿ ಹಾಗೇ ಹೇಳಿದ್ದೆ. ನವೆಂಬರಿನಲ್ಲಿ ಶುರು ಮಾಡಿದೆ, ಗಾಡಿ ರಸ್ತೆಗೆ ಇಳಿದದ್ದು ಯುಗಾದಿ ಕಳೆದ ಮೇಲೆ. ನನ್ನದು 1969ರದ್ದು. 1967ರಿಂದ 72ರವರೆಗೆ ಇವೆಲ್ಲ ಒಂದೇ ಮನೆತನ, ಹಾಗಾಗಿ ನನ್ನ ಅಳತೆ ನಿಮಗೂ ಹೊಂದುತ್ತದೆ.

ಮೊದಲು ಅಳತೆಯ ವಿಷಯ. ಲಾಂಗ್ ಬೆಡ್ಡಿನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ, 127 ಇಂಚು, ಶಾರ್ಟ್ ಬೆಡ್ಡಿನದು 115. ವ್ಯತ್ಯಾಸ 12. ಆದರೆ ಬೆಡ್ಡಿನ ಉದ್ದದಲ್ಲಿ ಸುಮಾರು 20 ಇಂಚು ಹೋಗಬೇಕು. ಅಂದರೆ ಚಕ್ರದ ಕಮಾನಿನ ಮುಂದೆ 12, ಹಿಂದೆ 8. ಒಂದೇ ಕಡೆ 20 ತೆಗೆದರೆ ಚಕ್ರ ಒಂದು ಕಡೆ, ಕಮಾನು ಇನ್ನೊಂದು ಕಡೆ. ಇಂಟರ್‌ನೆಟ್ಟಿನಲ್ಲಿ ಸಿಗುವ ವಿಡಿಯೋಗಳಲ್ಲಿ ಅರ್ಧ 1973ರ ನಂತರದ ಚೌಕ ಮುಖದ ಗಾಡಿಗಳವು. ಅವುಗಳಲ್ಲಿ 131.5ರಿಂದ 117.5ಕ್ಕೆ ಇಳಿಸುತ್ತಾರೆ, ಅಂದರೆ ಮುಂದೆ 14. ಅದನ್ನು ನೋಡಿಕೊಂಡು ಗ್ರೈಂಡರ್ ಹಿಡಿದರೆ ಕಥೆ ಮುಗಿಯಿತು. 12, 8 ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ.

ನಾನು ಎಡವಿದ್ದು ಅಂಕಿಯಲ್ಲಲ್ಲ, ಗೆರೆಯಲ್ಲಿ. ಎರಡು ಗೆರೆ ಎಳೆದೆ, ನಡುವಿನ ತುಂಡು ತೆಗೆಯಬೇಕು. ಬಲಬದಿಯಲ್ಲಿ ಗೆರೆಯ ಒಳಗೆ ಕತ್ತರಿಸಿದೆ. ಎಡಬದಿ ಮಾಡುವಾಗ ರಾತ್ರಿ ಹನ್ನೊಂದು ಗಂಟೆ, ಗೆರೆಯ ಹೊರಗೆ ಕತ್ತರಿಸಿದೆ. ಕಟಿಂಗ್ ವೀಲ್ ತಿನ್ನುವ ದಪ್ಪವೂ ಸೇರಿ ಒಂದು ಬದಿ ಇನ್ನೊಂದಕ್ಕಿಂತ ಹತ್ತಿರ ಹತ್ತಿರ ಕಾಲು ಇಂಚು ಗಿಡ್ಡ. ಬೆಡ್ಡಿನ ಹಿಂಬಾಗಿಲು, ಅದೇ ಟೈಲ್‌ಗೇಟ್, ಹಾಕಿದಾಗ ಗೊತ್ತಾಯಿತು, ಒಂದು ಕಡೆ ಚಿಲಕ ಕೂರುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಆಮೇಲೆ ಪಟ್ಟಿ ಇಟ್ಟು ತುಂಬಿಸಿದೆ. ಹೊರಗಿನವರಿಗೆ ಕಾಣೋದಿಲ್ಲ. ನನಗೆ ದಿನಾ ಕಾಣುತ್ತದೆ. ತೆಗೆಯುವ ತುಂಡಿನ ಮೇಲೆ ಬಣ್ಣ ಬಳಿದುಬಿಡಿ. ವೀಲ್ ಬಣ್ಣದ ಮೇಲೆ ಮಾತ್ರ ಓಡಬೇಕು.

ಕತ್ತರಿಸುವ ಮುಂಚೆ ಟೈಲ್‌ಗೇಟ್ ಮುಚ್ಚಿ, ಬೆಡ್ಡಿನ ಒಳಗೆ ಕೊಳವೆಗಳನ್ನು ಅಡ್ಡಡ್ಡ ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆದು ಕೂರಿಸಿ. ಇಲ್ಲವಾದರೆ ಬದಿಯ ತಗಡು ಬಿಟ್ಟ ತಕ್ಷಣ ಹೊರಗೆ ವಾಲುತ್ತದೆ. ಕಂಬ ಸಿಕ್ಕಿಸುವ ತೂತುಗಳು ಎಲ್ಲಿ ಬರುತ್ತವೆ ನೋಡಿ, ಅವುಗಳ ಮೇಲೆ ಕೊಯ್ತ ಬೀಳಬಾರದು. ಹಿಂದಿನ 8 ಇಂಚು ಕಮಾನಿಗೂ ಟೈಲ್ ಲ್ಯಾಂಪಿಗೂ ನಡುವೆ ಹೋಗಬೇಕು, ಲ್ಯಾಂಪಿನ ಮೂಲೆ ಹಾಗೇ ಉಳಿಯಬೇಕು.

ತಗಡು ಬೆಸೆಯುವುದಕ್ಕೆ ನಿಮ್ಮ ಸಣ್ಣ ಮಿಷನ್ ಸಾಕು. 0.023 ಇಂಚಿನ ತಂತಿ, 75 ಪಾಲು ಆರ್ಗಾನ್, 25 ಪಾಲು ಕಾರ್ಬನ್ ಡೈಆಕ್ಸೈಡ್ ಇರುವ ಗ್ಯಾಸ್. ಗೆರೆ ಎಳೆದ ಹಾಗೆ ಓಡಿಸಬೇಡಿ. ನಾನು ಮೊದಲ ಬದಿಯಲ್ಲಿ ಎರಡು ಇಂಚು ಒಂದೇ ಸಲ ಓಡಿಸಿದೆ, ತಗಡು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದು ನಿಂತಿತು. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಒಂದಡಿ ದೂರ, ಮತ್ತೆ ಈ ತುದಿ. ಕೈ ಇಟ್ಟರೆ ಸುಡಬಾರದು, ಅಲ್ಲಿಯವರೆಗೆ ಪಕ್ಕದ ಚುಕ್ಕೆ ಬೇಡ. ಒಂದು ಬದಿಗೆ ಒಂದು ದಿನ ಹಿಡಿಯುತ್ತದೆ. ಕಾಫಿ ಜಾಸ್ತಿ ಮಾಡಿಟ್ಟುಕೊಳ್ಳಿ.

ನೆಲ ನಿಮ್ಮದು ಮರದ್ದೋ ತಗಡಿನದ್ದೋ ಹೇಳಲಿಲ್ಲ. ಮರದ್ದಾದರೆ ಅದೃಷ್ಟ. ಹಲಗೆ, ನಡುವಿನ ಉಕ್ಕಿನ ಪಟ್ಟಿ ಬಿಚ್ಚಿ, ಗರಗಸ ಹಾಕಿ, ತೂತು ಕೊರೆದು ಮತ್ತೆ ಕೂರಿಸಿದರೆ ಆಯಿತು. ಅಡಿಯ ಅಡ್ಡಪಟ್ಟಿಗಳನ್ನು ಹೊಸ ಜಾಗಕ್ಕೆ ಸರಿಸಬೇಕು ಅಷ್ಟೇ.

ಇನ್ನು ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು. ಇಲ್ಲಿ ನನ್ನ ಮಾತು ನಿಮಗೆ ಹಿಡಿಸದೇ ಇರಬಹುದು. ಬೆಡ್ ನೀವೇ ಮಾಡಿ. ಚಾಸಿಯ ಅಳತೆ, ಕೊಯ್ತ, ಜೋಡಣೆ ಕೂಡ ನೀವೇ ಮಾಡಿ. ಆದರೆ ಕೊನೆಯ ಬೆಸುಗೆಗೆ ಕೈ ಪಳಗಿದ ವೆಲ್ಡರ್ ಒಬ್ಬರನ್ನು ಮನೆಗೆ ಕರೆಸಿ. ನಿಮ್ಮ ಮಿಷನ್ ಚಾಸಿಯ ದಪ್ಪಕ್ಕೆ ಮೇಲೆ ಮೇಲೆ ಅಂಟುತ್ತದೆ, ಒಳಗೆ ಇಳಿಯೋದಿಲ್ಲ. ನೋಡಲು ಎರಡೂ ಒಂದೇ ಥರ ಇರುತ್ತದೆ, ಅದೇ ಅಪಾಯ. ನಾನು ಕರೆಸಿದವರು 240 ವೋಲ್ಟಿನ ಮಿಷನ್ ತಂದು ಒಂದು ಬೆಳಗ್ಗೆಯಲ್ಲಿ ಮುಗಿಸಿದರು. ಗೇಟು ಬಿಟ್ಟುಹೋದರೆ ನಾಯಿ ಹೊರಗೆ ಹೋಗುತ್ತದೆ. ಚಾಸಿ ಬಿಟ್ಟುಹೋದರೆ?

ಎಲ್ಲಿ ಕೊಯ್ಯಬೇಕು ಅನ್ನೋದು ಈ ಗಾಡಿಯಲ್ಲಿ ಮುಖ್ಯ. ನಿಮ್ಮದರಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್ ಇದ್ದರೆ, ಹೌಸಿಂಗನ್ನು (ಹಿಂದಿನ ಚಕ್ರಗಳ ಅಚ್ಚಿನ ಕವಚ) ಹಿಡಿದಿರುವುದು ಎರಡು ಉದ್ದದ ಸಲಾಕೆಗಳು, ಟ್ರೇಲಿಂಗ್ ಆರ್ಮ್ ಅಂತಾರೆ. ಅವುಗಳ ಮುಂದಿನ ತುದಿ ಚಾಸಿಯ ಒಂದು ಅಡ್ಡ ತೊಲೆಗೆ, ಅಂದರೆ ಕ್ರಾಸ್ ಮೆಂಬರಿಗೆ, ಸಿಕ್ಕಿಕೊಂಡಿದೆ. ಆರ್ಮ್ ಉದ್ದ ಬದಲಾಗೋದಿಲ್ಲ. ಹಾಗಾಗಿ 12 ಇಂಚು ಆ ಕ್ರಾಸ್ ಮೆಂಬರಿನ ಮುಂದಿನಿಂದ ಹೋಗಬೇಕು. ಕ್ರಾಸ್ ಮೆಂಬರ್, ಆರ್ಮ್, ಸ್ಪ್ರಿಂಗ್, ಹೌಸಿಂಗ್ ಎಲ್ಲ ಒಂದೇ ಸಂಸಾರವಾಗಿ ಮುಂದೆ ಬರಬೇಕು. ನಾನು ಮೊದಲು ಕ್ಯಾಬಿನ ಹಿಂದೆ ಖಾಲಿ ಕಂಡ ಜಾಗದಲ್ಲಿ ಗೆರೆ ಎಳೆದಿದ್ದೆ. ಒಂದು ರಾತ್ರಿ ಬಿಟ್ಟು ನೋಡಿದೆ, ಬಚಾವಾದೆ.

ನ್ಯೂಜೆರ್ಸಿಯಿಂದ, ಮಗನ ಮನೆಗೆ ಬಂದಿರುವ ಹಿರಿಯರೊಬ್ಬರು

ನೋಡು ತಮ್ಮಾ, ನಾನು ಪೀಣ್ಯದಲ್ಲಿ ಲಾರಿ ಬಾಡಿ ಕಟ್ಟುವ ಕಡೆ ಮೂವತ್ತು ವರ್ಷ ಇದ್ದವನು. ನೀವು ಬೆಡ್ ಅನ್ನೋದನ್ನ ನಾವು ಬಾಡಿ ಅಂತೀವಿ. ಈ ಶೆವರ್ಲೆ ನಾನು ಮುಟ್ಟಿಲ್ಲ, ಆದರೆ ಉಕ್ಕು ಎಲ್ಲ ಕಡೆ ಒಂದೇ.

ಚಾಸಿಯನ್ನು ನೇರ ಮೇಲಿಂದ ಕೆಳಗೆ ಕೊಯ್ದು ಅಂಟಿಸಬೇಡ. ಭಾರವೆಲ್ಲ ಆ ಒಂದು ಗೆರೆ ಮೇಲೆ ಬೀಳುತ್ತದೆ. ಓರೆ ಕೊಯ್ಯಿ, ಇಲ್ಲವೇ ಮೆಟ್ಟಿಲಿನ ಥರ ಕೊಯ್ಯಿ. ಬೆಸೆದ ಮೇಲೆ ಒಳಬದಿಗೆ ಫಿಷ್ ಪ್ಲೇಟ್, ಅಂದರೆ ಜಾಯಿಂಟಿಗೆ ಆಸರೆಯ ಉಕ್ಕಿನ ಪಟ್ಟಿ, ಕೊಡು. ಪ್ಲೇಟಿನ ತುದಿಯೂ ನೇರ ಬೇಡ, ಓರೆ ಇರಲಿ. ನೇರ ಇದ್ದರೆ ಬಿರುಕು ಆ ತುದಿಯಿಂದಲೇ ಶುರು. ಎರಡು ಬದಿಯ ಜಾಯಿಂಟ್ ಎದುರುಬದುರು ಬರದ ಹಾಗೆ ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಇನ್ನೂ ಒಳ್ಳೆಯದು. ಅಂಚು ಉಜ್ಜಿ ಇಳಿಜಾರು ಮಾಡದೆ ಬೆಸೆಯಬೇಡ, ಒಳಗೆ ಇಳಿಯೋದಿಲ್ಲ.

ಅಳತೆಗೆ ಟೇಪ್ ಒಂದೇ ನಂಬಬೇಡ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಮಟ್ಟ ಮಾಡಿ ನಿಲ್ಲಿಸು. ಎರಡೂ ಬದಿಯಲ್ಲಿ ಒಂದೇ ರಿವೆಟ್ ಜಾಗದಿಂದ ಗಾರೆಯವರು ಬಳಸುವ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕೆ ಹಾಕು. ಮುಂದೆ ನಾಲ್ಕು, ಹಿಂದೆ ನಾಲ್ಕು. ಆಮೇಲೆ ಚುಕ್ಕೆಯಿಂದ ಚುಕ್ಕೆಗೆ ಮೂಲೆ ಅಡ್ಡ ಅಳೆ. ಎರಡೂ ಅಡ್ಡ ಒಂದೇ ಬಂದರೆ ಚಾಸಿ ನೇರ. ಕೊಯ್ಯುವ ಮುಂಚೆ ಒಂದು ಸಲ, ಟ್ಯಾಕ್ ಹೊಡೆದ ಮೇಲೆ ಒಂದು ಸಲ, ಪೂರ್ತಿ ಬೆಸೆಯುವಾಗ ನಡುನಡುವೆ. ಬೆಸುಗೆ ಆರುವಾಗ ಎಳೆಯುತ್ತದೆ, ಅದಕ್ಕೇ ಬದಿ ಬದಲಿಸುತ್ತಾ ಹೊಡೆಯೋದು. ಅರ್ತಿಂಗ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಹಾಕು, ಕರೆಂಟು ಬೇರಿಂಗ್ ಒಳಗೆ ಓಡಾಡಬಾರದು. ಬ್ಯಾಟರಿ ಬಿಚ್ಚಿಡು.

ಇನ್ನೊಂದು. ತೆಗೆದ ತುಂಡು ಎಸೆಯಬೇಡ. ಅದೇ ಉಕ್ಕು, ಅದೇ ದಪ್ಪ. ಅದನ್ನು ಎರಡು ಮಾಡಿ ಬೆಸೆದು, ಸುತ್ತಿಗೆಯಲ್ಲಿ ಬಡಿದು ನೋಡು. ಬೆಸುಗೆಯಲ್ಲೇ ಬಿಟ್ಟುಕೊಂಡರೆ ನಿನ್ನ ಕೈ ಇನ್ನೂ ಆಗಿಲ್ಲ ಅಂತ ಅರ್ಥ.

ನಾರ್ತ್ ಕ್ಯಾರೊಲಿನಾದಿಂದ

ಯಾರೂ ಹೇಳದ ಒಂದು ಮಾತು ನಾನು ಹೇಳುತ್ತೇನೆ. ಈ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಬೆಡ್ಡಿನ ಕೆಳಗೆ ಇಲ್ಲ. ಕ್ಯಾಬಿನ ಒಳಗೆ, ಸೀಟಿನ ಬೆನ್ನ ಹಿಂದೆ ಇದೆ! 1972ರವರೆಗೂ ಹಾಗೇ. ಚಾಸಿ ಕೊಯ್ಯುವ ಜಾಗ ಅದರ ಹತ್ತಿರದಲ್ಲೇ. ನಾವು ಟ್ಯಾಂಕ್ ಖಾಲಿ ಮಾಡಿದ್ದೇವಲ್ಲ, ಸಾಕು ಅಂದುಕೊಂಡೆವು. ನಮ್ಮ ಯಜಮಾನರು ಗ್ರೈಂಡರ್ ಹಿಡಿದಿದ್ದರು, ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿದ್ದೆ. ನೆಲದ ರಬ್ಬರ್ ಪ್ಲಗ್ಗಿನ ತೂತಿನಿಂದ ಕಿಡಿ ಒಳಗೆ ಹೋಗಿ ಚಾಪೆಯ ಅಡಿಯ ಗೋಣಿ ಹೊಗೆಯಾಡಿತು. ಅಷ್ಟಕ್ಕೇ ನಿಂತಿತು, ದೇವರು ದೊಡ್ಡವನು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿ ಕೆಟ್ಟದ್ದು. ಟ್ಯಾಂಕನ್ನು ಪೂರ್ತಿ ಬಿಚ್ಚಿ, ಗ್ಯಾರೇಜಿನಿಂದ ಹೊರಗೆ ದೂರ ಇಡಿ. ಚಾಪೆ, ಸೀಟು ತೆಗೆಯಿರಿ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತಿರಿ. ಚಾಸಿಗೆ ಬಳಿದ ಟಾರು ನಿಧಾನವಾಗಿ ಕಾವು ಹಿಡಿಯುತ್ತದೆ.

ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟ್ ವಿಷಯವೂ ಬರೆದುಬಿಡುತ್ತೇನೆ. ನಮ್ಮದರಲ್ಲಿ ಎರಡು ತುಂಡಿನ ಶಾಫ್ಟ್, ನಡುವೆ ಬೇರಿಂಗ್ ಇತ್ತು. 12 ಇಂಚು ಕಡಿಮೆ ಅಲ್ವಾ ಅಂತ ಮೊದಲೇ ಶಾಫ್ಟ್ ಕತ್ತರಿಸೋಕೆ ಕೊಡಬೇಡಿ. ಗಾಡಿ ತನ್ನ ಚಕ್ರದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆ ಅಳೆದು, ಬ್ಯಾಲೆನ್ಸ್ ಮಾಡುವ ಅಂಗಡಿಗೆ ಕೊಡಿ. ಗೇರ್ ಬಾಕ್ಸಿನ ಒಳಗೆ ಜಾರುವ ತುದಿಗೆ ಒಂದು ಇಂಚಿನಷ್ಟು ಆಟ ಇರಲಿ. ಮನೆಯಲ್ಲಿ ಕತ್ತರಿಸಿ ಬೆಸೆದರೆ 50 ಮೈಲಿ ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ. ಹಿಂದಿನ ಬ್ರೇಕ್ ಪೈಪ್ ಸುರುಳಿ ಸುತ್ತಿ ಬಿಡಬೇಡಿ, ಹೊಸದು ಮಾಡಿಸಿ. ಹ್ಯಾಂಡ್ ಬ್ರೇಕ್ ಕೇಬಲ್ ಕೂಡ ಶಾರ್ಟ್ ಬೆಡ್ಡಿನದೇ ತನ್ನಿ.

ಒಹಾಯೊದಿಂದ

ನಾನು ಮಾಡಿ ಪಶ್ಚಾತ್ತಾಪ ಪಟ್ಟವನು. ಗಾಡಿ ಚೆಂದವಾಯಿತು, ಇಲ್ಲ ಅನ್ನೋದಿಲ್ಲ. ಆದರೆ ಎಂಟಡಿ ಬೆಡ್ಡಿನಲ್ಲಿ ನಾಲ್ಕಕ್ಕೆ ಎಂಟರ ಪ್ಲೈವುಡ್ ಮಲಗಿಸಿ ಟೈಲ್‌ಗೇಟ್ ಮುಚ್ಚಬಹುದಿತ್ತು. ಈಗ ಕೆಂಪು ಬಟ್ಟೆ ಕಟ್ಟಿಕೊಂಡು ಬರುತ್ತೇನೆ. ಬೆಡ್ಡಿನ ತಗಡು ನಿಮ್ಮದು ಅಷ್ಟು ಚೆನ್ನಾಗಿದ್ದರೆ ಕೊಯ್ಯಬೇಡಿ. ಶಾರ್ಟ್ ಬೆಡ್ಡಿನ ಹೊಸ ಬದಿ ತಗಡುಗಳು ಮಾರಾಟಕ್ಕಿವೆ. ಅವನ್ನು ತಂದು ಹಾಕಿ, ನಿಮ್ಮ ಲಾಂಗ್ ಬೆಡ್ ಇಡಿಯಾಗಿ ಮಾರಿ. ಚಾಸಿ ಹೇಗೂ ಕೊಯ್ಯಲೇಬೇಕು.

ಮುಂದೆ ಗಾಡಿ ಮಾರುವಾಗ ಗಿಡ್ಡ ಮಾಡಿದ್ದು ಅಂತ ಬಾಯಿಬಿಟ್ಟು ಹೇಳಿ. ಗ್ಲೌ ಬಾಕ್ಸಿನ ಬಾಗಿಲ ಒಳಗಿನ ಚೀಟಿಯಲ್ಲಿ ವೀಲ್‌ಬೇಸ್ 127 ಅಂತಲೇ ಇರುತ್ತದೆ, ತಿಳಿದವರು ಮೊದಲು ಅದನ್ನೇ ನೋಡುತ್ತಾರೆ.

ಸಕಲೇಶಪುರದಿಂದ

ನಮ್ಮ ತೋಟದಲ್ಲೂ ಒಂದು ಹಳೆ ಜೀಪ್ ಪಿಕಪ್ ಇದೆ, ಇದನ್ನೆಲ್ಲ ಓದಿ ಕೈ ತುರಿಸುತ್ತಿದೆ. ಮಾಡಬಹುದಾ?

ಮಿಶಿಗನ್‌ನಿಂದ

ನಿಮಗೆ ಬೇಡ ಅಂತಲೇ ಹೇಳುತ್ತೇನೆ. ನಮ್ಮ ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆರ್‌ಸಿಯಲ್ಲಿ ವೀಲ್‌ಬೇಸ್ ಬರೆದಿರುತ್ತದೆ. ಆರ್‌ಟಿಓ ಕಚೇರಿ ಅಲೆಯೋ ಕಷ್ಟ ನಿಮಗೇ ಗೊತ್ತು. ತುಕ್ಕು ತೆಗೆಸಿ, ಟಿಂಕರಿಂಗ್ ಮಾಡಿಸಿ, ಹಾಗೇ ಓಡಿಸಿ. ಡಲ್ಲಾಸಿನವರೂ ಕೊಯ್ಯುವ ಮುಂಚೆ ಇನ್ಶೂರೆನ್ಸ್‌ನವರಿಗೆ ಒಂದು ಮಾತು ತಿಳಿಸಿ.

ಡಲ್ಲಾಸ್‌ನಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಎರಡು ವೀಕೆಂಡಿನ ಮಾತು ವಾಪಸ್ ತಗೊಂಡೆ. ನಿನ್ನೆ ಟ್ಯಾಂಕ್ ಬಿಚ್ಚಿ ಹಿತ್ತಲಲ್ಲಿ ಇಟ್ಟೆ. ನೆಲ ಮರದ್ದೇ. ಹೊಸ ತಗಡು ತರೋದಿಲ್ಲ, ಹಳೆಯದನ್ನೇ ಕೊಯ್ಯುತ್ತೇನೆ, ಕಲಿಯೋ ಆಸೆ. ಚಾಸಿಗೆ ವೆಲ್ಡರನ್ನು ಕರೆಸುತ್ತೇನೆ. ಒಂದು ಅನುಮಾನ. ಇವತ್ತು ಎರಡೂ ಬದಿ ಚಕ್ರದ ನಡುವಿಂದ ನಡುವಿಗೆ ಅಳೆದೆ. ಎಡಕ್ಕೆ 127, ಬಲಕ್ಕೆ 126 ಮುಕ್ಕಾಲು. ಬಲಬದಿಯಲ್ಲಿ ಕಾಲು ಇಂಚು ಕಡಿಮೆ ಕೊಯ್ಯಲಾ?

ನ್ಯೂಜೆರ್ಸಿಯ ಹಿರಿಯರು

ಅಯ್ಯೋ, ಬೇಡ ತಮ್ಮಾ. ಸೊಟ್ಟವನ್ನು ಬೆಸೆದು ಭದ್ರ ಮಾಡಿದ ಹಾಗೆ ಆಗುತ್ತದೆ. ಮೊದಲು ಸ್ಟೀರಿಂಗ್ ನೇರ ಮಾಡಿ, ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ತಳ್ಳಿ ನಿಲ್ಲಿಸಿ ಮತ್ತೆ ಅಳೆ. ಆಮೇಲೂ ಹಾಗೇ ಬಂದರೆ ಆ ಉದ್ದದ ಆರ್ಮ್‌ಗಳ ಬುಷ್ ನೋಡು, ಐವತ್ತು ವರ್ಷದ ರಬ್ಬರ್ ಅದು. ಬುಷ್ ಹೊಸದು ಹಾಕಿ ಅಳೆದು, ಬಂದದ್ದನ್ನು ಇಲ್ಲಿ ಬರಿ. ಅಲ್ಲಿವರೆಗೆ ಗ್ರೈಂಡರಿನ ಪ್ಲಗ್ ಕಿತ್ತಿಡು.